ಬ್ರಹ್ಮಾವರದ ಹದಿನೆಂಟು ನಿಮಿಷ

ಆ ಭಾನುವಾರ ಬೋರ್ಡಿನ ಮುಂದೆ ಕೂರುವ ಮೊದಲೇ ನಾನು ಅರ್ಧ ಸೋತಿದ್ದೆ. ತೆಕ್ಕಟ್ಟೆಯಲ್ಲಿ ಹತ್ತಿದ ಬಸ್ಸು ತುಂಬಿ ತುಳುಕುತ್ತಿತ್ತು. ಕೋಟ, ಸಾಲಿಗ್ರಾಮ, ಸಾಸ್ತಾನ ದಾಟಿ ಬ್ರಹ್ಮಾವರದವರೆಗೂ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬುತ್ತಿಯ ಚೀಲ ಹಿಡಿದುಕೊಂಡು ನಿಂತೇ ಬಂದೆ. ಅದಕ್ಕೂ ಹಿಂದಿನ ಮೂರು ವಾರ ನನಗೆ ಭಾನುವಾರವೆಂಬುದೇ ಇರಲಿಲ್ಲ. ಶಾಲೆಯ ಪಾಠ, ಉತ್ತರ ಪತ್ರಿಕೆಗಳ ಕಟ್ಟು, ಅದರ ಮೇಲೆ ಮನೆಮನೆ ಸಮೀಕ್ಷೆಯ ಕೆಲಸ. ಮೊಬೈಲಿನಲ್ಲಿ ಸಿಗ್ನಲ್ ಸಿಗದೆ ಯಾರ ಯಾರದೋ ಅಂಗಳದಲ್ಲಿ ಕೈಯೆತ್ತಿ ನಿಂತು ನಿಂತು ಬಲ ಮೊಣಕಾಲು ಊದಿಕೊಂಡಿತ್ತು. ಹೋದ ಮನೆಯವರೆಲ್ಲ ಒಳ್ಳೆಯವರೇ. ಕುರ್ಚಿ ಕೊಟ್ಟರು, ನೀರು ಬೆಲ್ಲ ಕೊಟ್ಟರು. ಆದರೂ ಸುಸ್ತು ಸುಸ್ತೇ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ವಯಸ್ಸು ಐವತ್ತೊಂದು. ಚೆಸ್ ನನ್ನ ಪಾಲಿಗೆ ಬಂದದ್ದು ನಾನು ಬಯಸಿದ್ದರಿಂದಲ್ಲ. ಗಣಿತದವರಿಗೆ ಚೆಸ್ ತಾನಾಗಿಯೇ ಬರುತ್ತದೆ ಎಂದು ನಂಬಿದ್ದ ನಮ್ಮ ಮುಖ್ಯೋಪಾಧ್ಯಾಯರು, ತಾಲೂಕು ಮಟ್ಟದ ಪಂದ್ಯಕ್ಕೆ ಮಕ್ಕಳನ್ನು ತಯಾರು ಮಾಡುವ ಕೆಲಸವನ್ನು ಒಂದು ವರ್ಷ ನನ್ನ ತಲೆಗೆ ಕಟ್ಟಿದರು. ಕಾಯಿಗಳನ್ನು ಜೋಡಿಸುವುದೂ ನನಗೆ ಗೊತ್ತಿರಲಿಲ್ಲ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಿಡುವಿನ ವೇಳೆಯಲ್ಲಿ ನನ್ನನ್ನು ದಿನಾ ಸೋಲಿಸಿ ಸೋಲಿಸಿಯೇ ಕಲಿಸಿದಳು. ಅವಳು ಎಸ್ಸೆಸ್ಸೆಲ್ಸಿ ಮುಗಿಸಿ ಹೋದಳು. ಆಟ ನನ್ನ ಜೊತೆ ಉಳಿಯಿತು.

ಕುಂದಾಪುರದಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಸೇರಿ ಆಡುತ್ತಾರೆ. ನಾನು ಅಲ್ಲಿಗೆ ಹೋಗತೊಡಗಿ ಏಳು ವರ್ಷವಾಯಿತು. ಹೆಂಗಸು ಎಂದರೆ ನಾನೊಬ್ಬಳೇ. ಮೊದಮೊದಲು ನನ್ನೆದುರು ಸೋತವರು ಎದ್ದು ಹೋಗಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಈಗ ಅಲ್ಲಿಯೇ ಕೂತು ಎಲ್ಲಿ ತಪ್ಪಿದೆ ಎಂದು ಕೇಳುತ್ತಾರೆ. ನಮ್ಮಲ್ಲಿ ಯಾರೂ ದೊಡ್ಡ ಆಟಗಾರರಲ್ಲ. ಮಂಗಳೂರಿನ ಹತ್ತು ವರ್ಷದ ಮಕ್ಕಳು ಬಂದರೆ ನಮ್ಮನ್ನು ಸಾಲಾಗಿ ಕೂರಿಸಿ ಸೋಲಿಸಿ ಹೋದಾರು. ಆದರೂ ನಮ್ಮ ನಮ್ಮಲ್ಲಿ ಯಾರು ಯಾವ ಮಟ್ಟದವರು ಎಂಬುದು ನಮಗೆ ಚೆನ್ನಾಗಿ ಗೊತ್ತು. ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಬೈಂದೂರಿನಲ್ಲೂ ಬ್ರಹ್ಮಾವರದಲ್ಲೂ ಇಂಥದೇ ಒಂದೊಂದು ಗುಂಪಿದೆ. ಮೂರೂ ಊರಿನವರು ವರ್ಷಕ್ಕೊಮ್ಮೆ ಸೇರಿ ಆಡುತ್ತೇವೆ. ಆ ಭಾನುವಾರ ನನ್ನೆದುರು ಕೂತ ಬೈಂದೂರು ಗುಂಪಿನವರನ್ನು ನಾನು ಮೊದಲು ನೋಡಿದ್ದು ನಾಲ್ಕು ವರ್ಷದ ಹಿಂದೆ, ಅವರ ಊರಿನಲ್ಲೇ. ನನಗಿಂತ ಏಳೆಂಟು ವರ್ಷ ದೊಡ್ಡವರು. ಕುಳ್ಳ ಆಳು, ಬಿಳಿ ಅಂಗಿ, ಎರಡೂ ತೋಳು ಮೊಣಕೈ ತನಕ ಮಡಚಿದ್ದು. ಮುಂಬೈಯಲ್ಲಿ ಅಣ್ಣನ ಜೊತೆ ಮೂವತ್ತೈದು ವರ್ಷ ಹೋಟೆಲು ನಡೆಸಿ, ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಇಬ್ಬರೂ ಊರಿಗೆ ಬಂದು ನೆಲೆಸಿದ್ದರು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಹೋಟೆಲಿಗೆ ಬಂದು ಕೂರುತ್ತಿದ್ದ ಗುಮಾಸ್ತರಿಂದ ಚೆಸ್ ಕಲಿತವರು.

"ಟೀಚರ್, ಮಕ್ಳನ್ನ್ ಕರ್ಕಂಡ್ ಬಂದದ್ದಾ?" ಎಂದು ಅವತ್ತು ಕೇಳಿದರು.

"ಅಲ್ಲ. ಆಡುಕೆ ಬಂದದ್ದ್."

"ಹೌದಾ. ಯಾರೆದ್ರ್?"

"ನಿಮ್ಮೆದ್ರೇ ಅಂಬ್ರ್."

ಅವತ್ತು ಅವರು ಸೋತರು. ಕೈ ಕೊಟ್ಟು, "ಚಲೋ, ಇನ್ ನಿಮ್ಮನ್ನ್ ಸಮಾ ಕಾಂಬುದೇ" ಎಂದರು. ಆಮೇಲೆ ಅಲ್ಲಿ ಇಲ್ಲಿ ನಡೆಯುವ ಪಂದ್ಯಗಳಲ್ಲಿ ಸಿಕ್ಕಿದಾಗ ನನ್ನ ಮೇಲೆ ಬಹಳ ಸಲ ಗೆದ್ದರು. ಕಾಯಿ ನಡೆಸಿ ಗಡಿಯಾರ ಒತ್ತುವಾಗಲೆಲ್ಲ ಮೆಲ್ಲಗೆ "ಚಲೋ" ಎನ್ನುವುದು ಅವರ ಮುಂಬೈ ಅಭ್ಯಾಸ. ಎದುರಿನವರಿಗೆ ತೊಂದರೆ ಎಂದು ಒಮ್ಮೆ ಯಾರೋ ದೂರು ಕೊಟ್ಟಿದ್ದರು. ನನಗೆ ಅದರಿಂದ ಎಂದೂ ತೊಂದರೆಯಾಗಿಲ್ಲ. ಕ್ಲಾಸಿನಲ್ಲಿ ಮಕ್ಕಳು ಲೆಕ್ಕ ಬಿಡಿಸುವಾಗ ಬಾಯಲ್ಲೇ ಗುಣುಗುಟ್ಟುವ ಹಾಗೆ ಅದು.

ಆ ಭಾನುವಾರದ ಪಂದ್ಯದ ಆತಿಥ್ಯ ಬ್ರಹ್ಮಾವರದವರದು. ಮದುವೆ ಹಾಲೊಂದರ ಊಟದ ಕೋಣೆಯಲ್ಲಿ ಉದ್ದನೆಯ ಮೇಜುಗಳ ಮೇಲೆ ಬೋರ್ಡು ಹಾಸಿದ್ದರು. ಹಿಂದಿನ ದಿನದ ಸಾಂಬಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಎದುರು ಗೋಡೆಯಲ್ಲಿ ಮದುಮಕ್ಕಳ ಹೆಸರಿನ ಥರ್ಮಾಕೋಲ್ ಅಕ್ಷರಗಳು, ಒಂದೆರಡು ಉದುರಿದ್ದವು.

ಬೆಳಿಗ್ಗೆ ಬ್ರಹ್ಮಾವರದವರ ಜೊತೆ ಉಳಿದೆರಡು ಊರಿನವರ ಆಟಗಳಾಗಿ, ಮಧ್ಯಾಹ್ನದ ಮೇಲೆ ಕೊನೆಯದು, ಕುಂದಾಪುರಕ್ಕೂ ಬೈಂದೂರಿಗೂ. ಒಂದೊಂದು ಊರಿಂದ ಐದು ಜನ. ಒಬ್ಬೊಬ್ಬರಿಗೆ ಒಂದು ಗಂಟೆಯ ಸಮಯ; ತಮ್ಮ ನಡೆಯಾಗಿ ಗಡಿಯಾರ ಒತ್ತಿದರೆ ಎದುರಿನವರ ಸಮಯ ಓಡತೊಡಗುತ್ತದೆ, ಅದು ಮುಗಿದವರು ಸೋತಂತೆ. ನನಗೆ ಮೂರನೇ ಬೋರ್ಡು, ಎದುರಿಗೆ ಅವರು.

ಅವರು ಬಂದು ಕೂತಾಗಲೇ ಏನೋ ಸರಿಯಿಲ್ಲ ಅನಿಸಿತು. ಗಡ್ಡ ಬೋಳಿಸಿರಲಿಲ್ಲ. ಅಂಗಿಯ ತೋಳು ಒಂದು ಮಡಚಿತ್ತು, ಇನ್ನೊಂದು ಇಳಿಬಿದ್ದಿತ್ತು. ಸಿಕ್ಕಿದಾಗಲೆಲ್ಲ ತಮಾಷೆ ಮಾಡುವವರು ಅವತ್ತು ಕೈ ಕೊಟ್ಟು ಸುಮ್ಮನಾದರು.

"ಊಟ ಆಯ್ತಾ?" ಎಂದೆ.

"ಚಾ ಕುಡ್ದೆ. ಉಂಡ್ರೆ ಕಣ್ಣ್ ಎಳಿತ್ತ್."

"ನಂಗೂ ಹಾಂಗೇ. ಮೂರ್ ವಾರ ಆಯ್ತ್ ಸಮಾ ಕೂಕಂಡದ್ದೇ ಇಲ್ಲೆ."

ಅವರು ನನ್ನನ್ನೊಮ್ಮೆ ನೋಡಿದರು.  ನಾನು ಬಿಳಿಯ ಕಾಲಾಳನ್ನು ಎರಡು ಮನೆ ಮುಂದಕ್ಕೆ ಇಟ್ಟು ಗಡಿಯಾರ ಒತ್ತಿದೆ.

ಆಟದ ವಿವರವನ್ನೆಲ್ಲ ಹೇಳಿ ಬೇಸರಪಡಿಸುವುದಿಲ್ಲ. ಮೊದಲ ಅರ್ಧ ಗಂಟೆ ನಾನು ನೆಟ್ಟಗೇ ಆಡಿದೆ. ಆಮೇಲೆ ಅವರ ಕುದುರೆಯ ಒಂದು ಜಿಗಿತವನ್ನು ನೋಡದೇ ಬಿಟ್ಟೆ. ಒಂದು ಕಾಲಾಳು ಹೋಯಿತು. ನೋಡದೇ ಬಿಟ್ಟೆ ಎಂದೆ. ಸರಿಯಾಗಿ ಹೇಳಬೇಕೆಂದರೆ ನೋಡಿದ್ದೆ. ನೋಡಿದ್ದನ್ನು ಪೂರ್ತಿ ಲೆಕ್ಕ ಹಾಕುವ ಶಕ್ತಿ ಇರಲಿಲ್ಲ. ಆಗಲಿಕ್ಕಿಲ್ಲ ಬಿಡು ಎಂದು ಬೇರೆ ಕಾಯಿ ನಡೆಸಿದೆ. ಆಗಿಯೇ ಹೋಯಿತು. ಅಲ್ಲಿಂದ ಮುಂದೆ ಅವರು ಅವಸರವಿಲ್ಲದೆ, ತಪ್ಪಿಲ್ಲದೆ ಒಂದೊಂದೇ ಕಾಯಿ ಬದಲಾಯಿಸಿಕೊಂಡು ಬಂದರು. ರಾಣಿಗಳು ಹೋದವು, ಕುದುರೆಗಳು ಹೋದವು. ಕೊನೆಗೆ ಇಬ್ಬರಲ್ಲೂ ಒಂದೊಂದು ಆನೆ, ನನಗೆ ಮೂರು ಕಾಲಾಳು, ಅವರಿಗೆ ನಾಲ್ಕು. ಆ ನಾಲ್ಕನೆಯದು ಬೋರ್ಡಿನ ಅಂಚಿನಲ್ಲಿ ತಡೆಯುವವರಿಲ್ಲದೆ ನಿಂತಿತ್ತು. ಅವರು ತಮ್ಮ ಆನೆಯನ್ನು ಅದರ ಹಿಂದಕ್ಕೆ ತಂದು ನಿಲ್ಲಿಸಿದರೆ ಮುಗಿಯಿತು, ಕಾಲಾಳು ನಡೆಯುತ್ತ ಹೋಗಿ ರಾಣಿಯಾಗುತ್ತದೆ. ಶಾಲೆಯ ಮಕ್ಕಳಿಗೆ ನಾನೇ ಬೋರ್ಡಿನಲ್ಲಿ ಬಿಡಿಸಿ ತೋರಿಸುವ ಪಾಠ ಅದು.

ನಾನು ರಾಜನನ್ನು ಒಂದು ಮನೆ ಸರಿಸಿ ಗಡಿಯಾರ ಒತ್ತಿದೆ. ನನ್ನಲ್ಲಿ ಆರು ನಿಮಿಷ ಉಳಿದಿತ್ತು. ಅವರಲ್ಲಿ ಹದಿನೆಂಟು.

ಅವರು ಎಡಗೈಯಲ್ಲಿ ಗಲ್ಲ ಊರಿ ಬೋರ್ಡಿನ ಮೇಲೆ ಬಾಗಿದ್ದರು. ಯೋಚನೆ ಮಾಡುವಾಗ ಅವರು ಕೂರುವುದೇ ಹಾಗೆ. ಸೋಲೊಪ್ಪಿಕೊಳ್ಳುವುದಾ, ಇನ್ನೂ ಎರಡು ನಡೆ ನೋಡುವುದಾ ಎಂದು ನಾನು ಯೋಚಿಸುತ್ತಿದ್ದೆ. ಎರಡು ನಿಮಿಷ ಹೋಯಿತು. ಮೂರು ಹೋಯಿತು. ಇಷ್ಟು ಸಣ್ಣ ನಡೆಗೆ ಇಷ್ಟು ಯೋಚನೆ ಯಾಕೆ, ನನಗೆ ಕಾಣದ ಏನಾದರೂ ಇದೆಯಾ ಎಂದು ಬೋರ್ಡನ್ನು ಮತ್ತೆ ನೋಡಿದೆ. ನಾಲ್ಕನೇ ನಿಮಿಷದಲ್ಲಿ ಅವರ ಬಲಗೈಯಲ್ಲಿದ್ದ ಪೆನ್ನು ಉರುಳಿ, ನಡೆಗಳನ್ನು ಬರೆಯುವ ಹಾಳೆಯ ಮೇಲೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದರ ಮೇಲಿಂದ ಕಂಡ ಕಣ್ಣು ಮುಚ್ಚಿತ್ತು.

ಮಲಗಿದ ಮನುಷ್ಯನ ಮುಖವನ್ನು ಅಷ್ಟು ಹತ್ತಿರದಿಂದ ಅಷ್ಟು ಹೊತ್ತು ನೋಡುವ ಸಂದರ್ಭ ಮನೆಯ ಹೊರಗೆ ನಮಗೆ ಬರುವುದಿಲ್ಲ. ಕಣ್ಣಿನ ಕೆಳಗೆ ನೀಲಿಗಟ್ಟಿತ್ತು. ಬಾಯಿ ಒಂದಿಷ್ಟೇ ತೆರೆದಿತ್ತು. ಉಸಿರು ನಿಧಾನವಾಗಿ, ಒಂದೇ ಹದದಲ್ಲಿ ಬರುತ್ತಿತ್ತು. ಪಾಪ, ಮಲಗಲಿ ಎಂದು ನನಗನಿಸಿದ್ದು ನಿಜ. ಮೂರು ವಾರದಿಂದ ನಾನು ಹಂಬಲಿಸಿದ್ದು ಅದನ್ನೇ. ಯಾರೂ ಕರೆಯದೆ, ಯಾರೂ ಮುಟ್ಟದೆ ಹದಿನೈದು ನಿಮಿಷ. ಅದರ ಹಿಂದೆಯೇ ಇನ್ನೊಂದು ಲೆಕ್ಕವೂ ಬಂತು. ಅವರು ಹೀಗೇ ಮಲಗಿದರೆ ನಾನು ಗೆಲ್ಲುತ್ತೇನೆ. ಉಳಿದ ನಾಲ್ಕು ಬೋರ್ಡುಗಳಲ್ಲಿ ಎರಡು ನಮಗೆ, ಎರಡು ಬೈಂದೂರಿಗೆ ಆಗಿಹೋಗಿತ್ತು. ಅಂದರೆ ನಮ್ಮ ಊರೇ ಗೆಲ್ಲುತ್ತದೆ.

ಆಡಿ ಮುಗಿಸಿದವರು ಒಬ್ಬೊಬ್ಬರಾಗಿ ಬಂದು ನಮ್ಮ ಸುತ್ತ ನಿಂತರು. ಬೈಂದೂರಿನವರೊಬ್ಬರು ಗಂಟಲು ಸರಿಮಾಡಿಕೊಂಡರು. ನಿರ್ಣಾಯಕರು, ಬ್ರಹ್ಮಾವರದ ನಿವೃತ್ತ ಅಂಚೆ ನೌಕರರು, ಅವರತ್ತ ಬೆರಳೆತ್ತಿ ಹಿಂದಕ್ಕೆ ಸರಿಯುವಂತೆ ಸನ್ನೆ ಮಾಡಿದರು. ಆಮೇಲೆ ನನ್ನ ಪಕ್ಕಕ್ಕೆ ಬಂದು ಬಾಗಿ, "ಹೊರ್ಗಿನವ್ರ್ ಏಳ್ಸುಕಾಗ. ನಾನೂ ಏಳ್ಸುಕಾಗ. ನಿಮ್ಗೆ ಏಳ್ಸುಕ್ ಅಡ್ಡಿಲ್ಲೆ. ಏಳ್ಸದಿದ್ರೂ ತಪ್ಪಲ್ಲ" ಎಂದು ಪಿಸುಗುಟ್ಟಿ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ಹಾಗಾಗಿ ಅದು ನನ್ನೊಬ್ಬಳ ಕೈಯಲ್ಲಿ ಉಳಿಯಿತು. ಕರೆದರೆ ಸಾಕಿತ್ತು. ಕೆಮ್ಮಿದರೂ ಸಾಕಿತ್ತು. ನನ್ನ ಬಲಗಾಲು ನೋಯುತ್ತಿದ್ದುದರಿಂದ ಅದನ್ನು ಮೇಜಿನಡಿ ಉದ್ದಕ್ಕೆ ಚಾಚಿದ್ದೆ. ಪಾದ ಮೇಜಿನ ಕಬ್ಬಿಣದ ಕಾಲಿಗೆ ಬೆರಳಗಲದಷ್ಟು ಹತ್ತಿರವಿತ್ತು. ಸ್ವಲ್ಪ ತಾಗಿದರೂ ಮೇಜು ಅಲುಗಿ ಅವರು ಏಳುತ್ತಿದ್ದರು. ನಾನು ಕಾಲನ್ನು ಮೆಲ್ಲಗೆ, ಚಪ್ಪಲಿ ಸದ್ದಾಗದ ಹಾಗೆ ಹಿಂದಕ್ಕೆ ಎಳೆದುಕೊಂಡೆ. ಅದನ್ನು ನಾನು ಬೇಕೆಂದೇ ಮಾಡಿದೆ. ಯಾರೂ ನೋಡಲಿಲ್ಲ.

ಹತ್ತು ನಿಮಿಷ, ಎಂಟು, ಐದು. ನಾನು ಗೋಡೆಯ ಮೇಲಿನ ಥರ್ಮಾಕೋಲ್ ಅಕ್ಷರಗಳನ್ನು ಓದಿದೆ. ಫ್ಯಾನು ಎಣಿಸಿದೆ. ನಡುವೆ ನನಗೂ ಕಣ್ಣು ಎಳೆಯಿತು. ಇಬ್ಬರೂ ಮಲಗಿಬಿಟ್ಟರೆ ನಿರ್ಣಾಯಕರು ಏನು ಮಾಡಿಯಾರು ಎಂದು ನಗುವೂ ಬಂತು. ಗಡಿಯಾರದಲ್ಲಿ ಸೊನ್ನೆಗಳು ಸಾಲಾಗಿ ನಿಂತಾಗ ಸದ್ದೇನೂ ಆಗಲಿಲ್ಲ. ನಮ್ಮ ಪಂದ್ಯದ ನಿಯಮದಲ್ಲಿ, ಸಮಯ ಮುಗಿದದ್ದನ್ನು ಎದುರಾಳಿಯೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಆಟ ಮುಂದುವರಿಯುತ್ತದೆ. ಆಗಲೂ ನಾನು ಸುಮ್ಮನಿರಬಹುದಿತ್ತು. ನಮ್ಮ ಊರಿನವರು ನಾಲ್ಕು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಸಮಯ ಆಯ್ತು" ಎಂದೆ.

ನನ್ನ ದನಿಗೋ, ನಿರ್ಣಾಯಕರ ಕುರ್ಚಿ ಕಿರ್ರೆಂದದ್ದಕ್ಕೋ ಅವರು ಕಣ್ಣು ಬಿಟ್ಟರು. ಕನ್ನಡಕ ಮೇಲಕ್ಕೆ ತಳ್ಳಿದರು. ಬೋರ್ಡು ನೋಡಿದರು. ಕೈ ನೀಡಿ ಆನೆಯನ್ನು ಎತ್ತಿ ಅಂಚಿನ ಕಾಲಾಳಿನ ಹಿಂದೆ, ಎಲ್ಲಿ ಇಡಬೇಕೋ ಸರಿಯಾಗಿ ಅಲ್ಲಿಯೇ ಇಟ್ಟು, "ಚಲೋ" ಎಂದು ಗಡಿಯಾರ ಒತ್ತಿದರು. ಒತ್ತಿದ ಮೇಲೆ ಸೊನ್ನೆಗಳನ್ನು ನೋಡಿದರು.



"ಎಷ್ಟ್ ಹೊತ್ತ್ ಒರ್ಗಿದ್ದೆ?" ಎಂದು ಕೇಳಿದರು. ಒರಗುವುದೆಂದರೆ ನಮ್ಮಲ್ಲಿ ಮಲಗುವುದು.

"ಹದ್ನೆಂಟ್ ನಿಮಿಷ."

"ಕಂಡ್ಕಂಡೇ ಕೂಕಂಡಿದ್ರ್ಯಾ?"

ನಾನು ನನ್ನ ಹಾಳೆಗೆ ಸಹಿ ಹಾಕಿ ಅವರತ್ತ ಸರಿಸಿದೆ. ಅವರು ಪೆನ್ನು ಹುಡುಕಿ ಹಾಳೆಯಲ್ಲಿ ಸಹಿ ಹಾಕಿದರು. ಕಾಯಿಗಳನ್ನು ಒಂದೊಂದಾಗಿ ಅವುಗಳ ಮನೆಯಲ್ಲಿ ನಿಲ್ಲಿಸಿದರು. ಕೈ ಕೊಟ್ಟರು. ಇಳಿಬಿದ್ದ ತೋಳನ್ನು ಮಡಚುತ್ತ ಹೊರಟುಹೋದರು.

ಟ್ರೋಫಿ ನಮಗೆ ಬಂತು. ನನ್ನನ್ನು ನಡುವೆ ನಿಲ್ಲಿಸಿ ಫೋಟೋ ತೆಗೆದರು. ಅದರಲ್ಲಿ ನನ್ನ ಕಣ್ಣೇ ಮುಚ್ಚಿದೆ. ಮೆಟ್ಟಿಲು ಇಳಿಯುವಾಗ ಗಂಟಲು ಸರಿಮಾಡಿಕೊಂಡಿದ್ದ ಬೈಂದೂರಿನವರು ಜೊತೆಯಾದರು.

"ನಿಮ್ಗ್ ಗೊತ್ತಿಲ್ಲೆ ಕಾಣತ್, ಟೀಚರ್. ಅವ್ರ್ ಅಣ್ಣಯ್ಯಂಗೆ ಪಾರ್ಶ್ವವಾಯು ಆಯಿ ಮೂರ್ ತಿಂಗ್ಳಾಯ್ತ್. ಮಾತ್ ಹೋಯ್ತ್. ಹಗಲ್ ಹೆಂಡ್ತಿ ಕಾಣ್ತ್ರ್, ರಾತ್ರಿ ಇವ್ರೇ. ಅಣ್ಣಯ್ಯ ರಾತ್ರಿ ಕಣ್ಣ್ ಮುಚ್ಚುದಿಲ್ಲ ಅಂಬ್ರ್. ಇವತ್ತ್ ನಾವೇ ಎಳ್ಕಂಡ್ ಬಂದದ್ದ್."

ಅವರು ನನ್ನನ್ನು ಚುಚ್ಚಬೇಕೆಂದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು. ನಾನು "ಹೌದಾ" ಎಂದೆ. 

ಮನೆಯಲ್ಲಿ ಹೇಳಿದಾಗ ನನ್ನ ಗಂಡ, ನಿಯಮದ ಪ್ರಕಾರ ಸರಿಯಲ್ಲವಾ, ಮತ್ತೆ ಯಾಕೆ ತಲೆ ಕೆಡಿಸಿಕೊಳ್ಳುತ್ತಿ ಎಂದರು. ನಿಯಮದ ಪ್ರಕಾರ ಸರಿಯೇ. ಅವರನ್ನು ಮಲಗಲು ಬಿಟ್ಟದ್ದು ಒಳ್ಳೆಯದೇ ಆಯಿತು ಎಂದು ನಾನೂ ಒಂದೆರಡು ದಿನ ಹೇಳಿಕೊಂಡೆ. ಆದರೆ ಹಿಂದಕ್ಕೆ ಎಳೆದುಕೊಂಡ ಆ ಕಾಲು ನನಗೆ ಹಾಗೆ ಹೇಳಿಕೊಳ್ಳಲು ಬಿಡಲಿಲ್ಲ. ದಯೆಯಿಂದ ಕೂತವಳು ಸದ್ದಾಗದ ಹಾಗೆ ಚಪ್ಪಲಿ ಎಳೆದುಕೊಳ್ಳುತ್ತಾಳಾ? ಎಳೆದುಕೊಂಡಾಳು, ನಿದ್ದೆ ಕೆಡದಿರಲಿ ಎಂದು. ಹೀಗೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಕಪಾಟಿನಲ್ಲಿ ತಿದ್ದದ ಪತ್ರಿಕೆಗಳ ಕಟ್ಟು ಹಾಗೇ ಇತ್ತು. ಅದನ್ನು ಇಳಿಸಿಕೊಂಡು ಕೂತೆ.

ಅವರು ಆಮೇಲೆ ಎಲ್ಲಿಗೂ ಆಡಲು ಬರಲಿಲ್ಲ. ಹುಷಾರಾಗಿದ್ದೀರಾ ಎಂದು ವಾಟ್ಸಾಪಿನಲ್ಲಿ ಕೇಳಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ.

ಎರಡು ತಿಂಗಳು ಕಳೆದು ಗಣಿತ ಶಿಕ್ಷಕರ ತರಬೇತಿಯೊಂದು ಬೈಂದೂರಿನಲ್ಲಿ ಇತ್ತು. ಇಲ್ಲದಿದ್ದರೆ ನಾನು ಅವರ ಮನೆಗೆಂದೇ ಹೋಗುತ್ತಿದ್ದೆ ಎಂದು ಹೇಳಲಾರೆ. ಬೆಳಿಗ್ಗೆಯಿಂದ ಪ್ರೊಜೆಕ್ಟರಿನ ಪರದೆ ನೋಡಿ ತಲೆ ಭಾರವಾಗಿತ್ತು. ನಾಲ್ಕೂವರೆಗೆ ಬಿಟ್ಟರು. ದಾರಿ ಕೇಳಿಕೊಂಡು ರೈಲ್ವೆ ಸ್ಟೇಷನ್ನಿನ ಕಡೆಗೆ ನಡೆದೆ. ಅಂಗಳದ ಹಗ್ಗದಲ್ಲಿ ಹಾಸುಬಟ್ಟೆಗಳನ್ನು ಸಾಲಾಗಿ ಒಣಗಿಸಿದ್ದ ಮನೆ. ಅವರ ಹೆಂಡತಿ ಬಾಗಿಲಿಗೆ ಬಂದರು. ನಾನು ಯಾರೆಂದು ಹೇಳಿದೆ. "ಓ, ಚೆಸ್ಸಿನ ಟೀಚರಾ. ಬನಿ" ಎಂದು ಒಳಗೆ ಕರೆದು ಚಾ ಮಾಡಲು ಹೋದರು.

ಚಾವಡಿಯ ಮಂಚದಲ್ಲಿ ಅವರ ಅಣ್ಣನನ್ನು ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ಎತ್ತರದ ಆಳು, ಅಗಲ ಎದೆ. ಬಲಗೈ ಮಡಿಲಲ್ಲಿ ಬೇರೆಯವರದೆಂಬಂತೆ ಬಿದ್ದಿತ್ತು. ಎಡಗೈ ತಮ್ಮನ ಅಂಗಿಯ ಚುಂಗನ್ನು ಹಿಡಿದುಕೊಂಡಿತ್ತು. ಅವರು ಸ್ಟೂಲಿನಲ್ಲಿ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು.

"ಕೂಕಣಿ, ಟೀಚರ್. ಏಳುಕ್ ಆತಿಲ್ಲೆ ನಂಗೆ. ಅಂಗಿ ಬಿಡುದಿಲ್ಲ ಇವ್ರ್."

ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಗಂಜಿ ಬಾಯಿಂದ ಇಳಿದರೆ ಟವೆಲಿನಲ್ಲಿ ಒರೆಸಿ ಮತ್ತೆ ಚಮಚ ಹಿಡಿಯುತ್ತಿದ್ದರು. ಕೈ ಅಳತೆ ತಪ್ಪುತ್ತಿರಲಿಲ್ಲ.

"ಹದಿನಾಲ್ಕ್ ವರ್ಷಕ್ಕೆ ನನ್ನ ಮುಂಬೈಗೆ ಕರ್ಕಂಡ್ ಹೋದದ್ದ್ ಇವ್ರ್. ಅಡ್ಗಿ, ಹಿಂದಿ, ಎಲ್ಲ ಇವ್ರೇ ಕಲ್ಸಿದ್ದ್. ಚೆಸ್ ಒಂದ್ ಬಿಟ್ಟ್. ಗಿರಾಕಿ ಬಪ್ಪೊತ್ತಿಗೆ ಕುದ್ರಿ ಆನಿ ಆಡ್ತ ಕೂಕಂತೆ ಅಂದ್ ಬೈತಿದ್ರ್."

ಅಣ್ಣನ ಕಣ್ಣು ನನ್ನ ಮೇಲಿತ್ತು. ಕೇಳಿಸುತ್ತಿತ್ತೋ ಏನೋ.

ಅವತ್ತಿನ ಮಾತನ್ನು ನಾನೇ ತೆಗೆಯಬೇಕಿತ್ತು. "ಬ್ರಹ್ಮಾವರದಲ್ಲಿ ನಾನ್ ಮಾಡಿದ್ದ್ ಸಮ ಅಲ್ಲ" ಎಂದೆ.

"ಹ್ಯಾಂಗ್?"

"ಏಳ್ಸುಕಿತ್ತ್."

ಅವರು ಚಮಚವನ್ನು ಬಟ್ಟಲಿಗೆ ಹಾಕಿ ಗಂಜಿ ಕಲಕಿದರು. "ಸೋತದ್ದಕ್ಕ್ ಸಿಟ್ಟಲ್ಲ ನಂಗೆ. ಒರ್ಗಿದವ ಸೋಲುಕೇ ಬೇಕ್. ಆದ್ರೆ ಟೀಚರ್, ಈಗ ಊರಿಗೆಲ್ಲ ನಾನ್ ಪಾಪ. ಅಂಗ್ಡಿಗ್ ಹೋರೆ ಪಾಪ, ದೇವಸ್ಥಾನಕ್ಕ್ ಹೋರೆ ಪಾಪ. ಪಾಪ ಅವ್ರ್, ನಿದ್ರಿ ಇಲ್ಲೆ ಅವ್ರಿಗೆ. ಬೋರ್ಡಿನೆದ್ರ್ ಕೂಕಂಡ್ರೆ ಒಂದ್ ಗಂಟಿ ಆದ್ರೂ ನಾನ್ ಪಾಪ ಅಲ್ಲ ಅಂದ್ ತಿಳ್ಕಂಡಿದ್ದೆ. ನೀವೂ ಪಾಪ ಅಂದ್ ಒರ್ಗುಕ್ ಬಿಟ್ರಿ. ಅದೇ ಬೇಜಾರ್."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಹೊತ್ತುಕೊಂಡಿದ್ದನ್ನು ಕೆಳಗಿಡುವವರ ಹಾಗೆ ಹೇಳಿದರು. 

"ಪಾಪ ಅಂದ್ ಬಿಟ್ಟದ್ದಲ್ಲ" ಎಂದೆ. "ನಂಗ್ ಗೆಲ್ಲುಕಿತ್ತ್. ನನ್ ಕಾಲ್ ಮೇಜಿಗ್ ತಾಗ್ರೆ ನೀವ್ ಏಳ್ತ್ರಿ ಅಂದೇಳಿ ಕಾಲ್ ಹಿಂದ್ ಎಳ್ಕಂಡೆ."

ಚಮಚ ಗಾಳಿಯಲ್ಲೇ ನಿಂತಿತು. "ಎಂತ?"

"ಕಾಲ್ ಎಳ್ಕಂಡೆ. ಚಪ್ಲಿ ಸದ್ದಾತ್ತ್ ಅಂದೇಳಿ ಮೆಲ್ಲ ಎಳ್ಕಂಡೆ."

ಅವರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಣಿಯುವಷ್ಟು. ಅಂಗಿ ಹಿಡಿದಿದ್ದ ಅಣ್ಣನ ಕೈಯೂ ಅದರ ಜೊತೆ ಅಲುಗಿತು. ಅಣ್ಣ ತಲೆ ತಿರುಗಿಸಿ ತಮ್ಮನ ಮುಖ ನೋಡಿದರು. ಚಾ ತಂದ ಹೆಂಡತಿ, ಏನಾಯಿತೆಂದು ತಿಳಿಯದೆ ಬಾಗಿಲಲ್ಲಿ ನಿಂತರು.

"ಕಾಣ್, ಈ ಟೀಚರ್ ನನ್ನ ಸೋಲ್ಸುಕ್ ಕಾಲ್ ಎಳ್ಕಂಡ್ರಂಬ್ರ್" ಎಂದು ಹೆಂಡತಿಗೆ ಹೇಳಿದರು. ನನ್ನತ್ತ ತಿರುಗಿ, "ಹಾಂಗಾರೆ ಸಮ. ಗೆಲ್ಲುಕ್ ಮಾಡಿದ್ರೆ ಸಮ" ಎಂದರು.

ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅದು ಅರ್ಧ. ಅವರ ಮುಖ ನೋಡಿ ಮಲಗಲಿ ಎಂದುಕೊಂಡ ಇನ್ನರ್ಧವೂ ಇತ್ತು. ಅದನ್ನು ಅವರಿಗೆ ಕೊಟ್ಟು ಪ್ರಯೋಜನವಿರಲಿಲ್ಲ. ಚಾ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು. ಅರ್ಧ ಗಂಟೆ ಕೂತಿದ್ದು ಹೊರಟೆ. ಬಸ್ಸು ಮರವಂತೆ ದಾಟುವಾಗ ಎಲ್ಲರೂ ಸಮುದ್ರದ ಕಡೆ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಮಳೆಗಾಲ ಹಿಡಿದ ಮೇಲೆ ಅವರ ಅಣ್ಣ ತೀರಿಕೊಂಡರು. ನಾನು ಸುದ್ದಿ ತಿಳಿದ ಮೂರನೇ ದಿನ ಶಾಲೆ ಬಿಟ್ಟ ಮೇಲೆ ಹೋಗಿ ಬಂದೆ. ಮಂಚ ತೆಗೆದಿದ್ದರು. ಅದು ಇದ್ದ ಜಾಗವನ್ನು ಸುತ್ತಿಕೊಂಡೇ ಅವರು ಚಾವಡಿಯಲ್ಲಿ ಓಡಾಡುತ್ತಿದ್ದರು.  ಹೊರಡುವಾಗ ಕೊಡೆ ಹಿಡಿದು ರಸ್ತೆಯ ತನಕ ಬಂದರು.

ಶ್ರಾವಣ ಕಳೆದ ಮೇಲೆ ಒಂದು ಭಾನುವಾರ ಅವರು ಕುಂದಾಪುರಕ್ಕೆ, ನಮ್ಮ ಟೈಲರ್ ಅಂಗಡಿಯ ಮೇಲಿನ ಕೋಣೆಗೇ ಬಂದರು. ಗಡ್ಡ ನುಣ್ಣಗೆ ಬೋಳಿಸಿದ್ದರು. ಮುಖ ಸ್ವಲ್ಪ ತುಂಬಿಕೊಂಡಿತ್ತು. ನಮ್ಮವರು ಎದ್ದು ಜಾಗ ಕೊಟ್ಟರು. ನಾನು ಎದುರು ಕೂತೆ. ಒಳ್ಳೆಯ ಆಟವಾದೀತು ಎಂದು ನಾಲ್ಕು ಜನ ನೋಡಲು ನಿಂತರು. ಆಟವೇ ಆಗಲಿಲ್ಲ. ಇಪ್ಪತ್ತು ನಡೆ ಮುಗಿಯುವುದರೊಳಗೆ ಅವರು ಒಂದು ಕುದುರೆಯನ್ನು ಸುಮ್ಮನೆ ಕಳೆದುಕೊಂಡರು. ಆಮೇಲೆ ಆನೆಯನ್ನೂ. ಬೇರೆಯವರ ಜೊತೆ ಇನ್ನೆರಡು ಆಟ ಆಡಿದರು. ಎರಡರಲ್ಲೂ ಸೋತರು. ಕಾಯಿ ನಡೆಸಿ ಗಡಿಯಾರ ಒತ್ತುವಾಗ ಏನೂ ಹೇಳುತ್ತಿರಲಿಲ್ಲ. ನನಗೆ ಅದು ಕೊನೆಯಲ್ಲಷ್ಟೇ ಹೊಳೆಯಿತು.

ಮಧ್ಯಾಹ್ನ ಕೋಣೆಗೆ ಬೀಗ ಹಾಕಿದ ಮೇಲೆ ಇಬ್ಬರೂ ಬಸ್ಸಿಗೆಂದು ನಡೆದೆವು. ಬಿಸಿಲು ಚುರುಕಾಗಿತ್ತು. ಒಂದು ಅಂಗಡಿಯ ಮಾಡಿನ ಕೆಳಗೆ ನಿಂತೆವು.

"ಈಗ್ಳ್ ನಿದ್ರಿ ಬತ್ತಾ?" ಎಂದು ಕೇಳಿದೆ.

"ಬತ್ತ್. ಒಂಬತ್ ಗಂಟಿಗೆ ಒರ್ಗಿದ್ರೆ ಬೆಳಿಗ್ಗೆ ಆರಕ್ಕೇ ಏಳುದ್. ನಡುವಲ್ಲಿ ಎಚ್ಚರವೇ ಇಲ್ಲೆ. ಆದ್ರೂ ಸುಸ್ತ್ ಹೋತಿಲ್ಲೆ, ಟೀಚರ್. ಆಗ ನಿದ್ರಿ ಇಲ್ದಿದ್ರೂ ಬೋರ್ಡಿನೆದ್ರ್ ಕೂಕಂಡ್ರೆ ತಲಿ ಓಡ್ತಿತ್ತ್. ಈಗ ಕಾಯಿ ಕಾಂತ್ತ್, ಅದ್ ಎಲ್ಲಿಗ್ ಹೋತ್ತ್ ಅಂಬುದ್ ಕಾಂತಿಲ್ಲೆ."

ಸಮಯ ಬೇಕಾಗುತ್ತದೆ ಎಂದು ಹೇಳಬಹುದಿತ್ತು. ಎಲ್ಲರೂ ಹೇಳಿರುತ್ತಾರೆ. "ನಂಗೂ ಕಾಂತಿಲ್ಲೆ ಎಷ್ಟೋ ಸಲ" ಎಂದೆ.

"ಅದ್ ನಂಗ್ ಗೊತ್ತಿತ್ತ್" ಎಂದರು. ಸ್ವಲ್ಪ ನಕ್ಕ ಹಾಗಾಯಿತು.

ಬೈಂದೂರಿನ ಬಸ್ಸು ಬಂತು.

"ಬಪ್ಪ ಭಾನ್ವಾರ ಬತ್ರ್ಯಾ?" ಎಂದು ಕೇಳಿದೆ.

"ಕಾಂಬ" ಎಂದು ಹತ್ತಿದರು.

ಬಂದರು. ಮರುಭಾನುವಾರ ಅಲ್ಲ, ಅದರ ಮುಂದಿನದಕ್ಕೆ, ತಡವಾಗಿ. ಸೋತರು. ಅದರ ಮುಂದಿನದರಲ್ಲಿ ನಾನು ಸೋತೆ. ಅವರು ಚೆನ್ನಾಗಿ ಆಡಿದ್ದರಿಂದ ಅಲ್ಲ, ಹಿಂದಿನ ದಿನದ ತರಬೇತಿಯಿಂದ ನನ್ನ ತಲೆ ಕೆಟ್ಟಿತ್ತು. ಹೀಗೆ ನಡೆಯುತ್ತಿದೆ. ಇಬ್ಬರಲ್ಲಿ ಯಾರಿಗೆ ಆ ವಾರ ಸುಸ್ತು ಕಡಿಮೆಯೋ ಅವರು ಗೆಲ್ಲುತ್ತಾರೆ.